ನಿಲ್ಲದೆ ಓಡುವ ಹನ್ನೊಂದು ಮಂದಿ

ಆಗಸ್ಟ್ ಹದಿನೇಳರ ಸ್ವಾತಂತ್ರ್ಯ ದಿನದ ಆಟಗಳ ಪಟ್ಟಿ ಹಿಡಿದುಕೊಂಡು ಪಕ್ ಸಗಿಮಾನ್ ಬಂದಾಗ ನಾನು ಪಕ್ಕದ ಮನೆಯ ಪಕ್ ಮರ್ಗೊನೊ ಅವರ ಜಗಲಿಯಲ್ಲಿ ಚಹಾ ಕುಡಿಯುತ್ತಾ ಕುಳಿತಿದ್ದೆ. ಸಗಿಮಾನ್ ನಮ್ಮ ಓಣಿಯ ಮುಖಂಡರು; ಹಿರಿಯ ಗಂಡಸರನ್ನು ನಾವು ಗೌರವದಿಂದ ಪಕ್ ಎನ್ನುತ್ತೇವೆ, ಹೆಂಗಸರನ್ನು ಬು. ಜಾವಾದ ಸಲಾತಿಗ ಊರಿನ ಈ ಇಳಿಜಾರು ಓಣಿಯ ನಲವತ್ತು ಮನೆಗಳ ಮದುವೆ, ಸಾವು, ಚರಂಡಿ, ಸ್ವಾತಂತ್ರ್ಯ ದಿನ ಎಲ್ಲವೂ ಅವರ ಹೆಗಲ ಮೇಲೆ. ಗೋಣಿಚೀಲದ ಓಟ, ದಾರದಲ್ಲಿ ನೇತುಹಾಕಿದ ಹಪ್ಪಳವನ್ನು ಕೈ ಮುಟ್ಟಿಸದೆ ತಿನ್ನುವುದು, ಹೆಂಗಸರ ಹಗ್ಗಜಗ್ಗಾಟ ಎಲ್ಲವನ್ನೂ ಓದಿ, ಕೊನೆಯ ಸಾಲಿಗೆ ಬಂದು ಧ್ವನಿ ತಗ್ಗಿಸಿದರು.

"ಆಮೇಲೆ ಪಿಎಸ್ ಫುಟ್‌ಬಾಲ್, ಅದೇ ವಿಡಿಯೋ ಗೇಮು. ದೊಡ್ಡವರಿಗೆ ಮಾತ್ರ. ಪಕ್ ಮರ್ಗೊನೊ, ಇದಕ್ಕೆ ನೀವೇ ಮುಖ್ಯ ಅತಿಥಿ. ಮೆತ್ತಗಿರೋ ಕುರ್ಚಿ ಹಾಕಿಸ್ತೀವಿ. ನೀವು ಕೂತಿದ್ರೆ ಸಾಕು, ಬಹುಮಾನ ನಿಮ್ಮ ಕೈಯಿಂದ್ಲೇ ಕೊಡಿಸ್ತೀವಿ."

"ದೊಡ್ಡ ಮಾತು, ಪಕ್," ಎಂದು ಮರ್ಗೊನೊ ತಲೆ ಬಾಗಿಸಿದರು.

ಸಗಿಮಾನ್ ಗೇಟು ದಾಟಿ ಹೋಗುವವರೆಗೂ ಆ ತಲೆ ಬಾಗಿಕೊಂಡೇ ಇತ್ತು. ಆಮೇಲೆ ನನ್ನ ಕಡೆ ತಿರುಗಿದರು. "ಆ ಕುರ್ಚಿ ನನಗೆ ಬೇಡ, ಬು ಹಾರ್ತಿ. ನಾನು ಆಡ್ಬೇಕು. ಸೋತ್ರೆ ಎಲ್ರೂ ನಗ್ಬೇಕು. ಎಂಟು ತಿಂಗಳಾಯ್ತು, ಈ ಓಣೀಲಿ ಒಬ್ರೂ ನನ್ನ ಆಡಿಕೊಂಡಿಲ್ಲ."

ಒಳಗಿನಿಂದ ಅವರ ಹೆಂಡತಿ, ಬೇರೆ ದ್ವೀಪದ ಬಾತಾಕ್ ಜನಾಂಗದ ಬು ತಿಯುರ್, ಕೂಗಿದರು. "ನಾನು ದಿನಾ ಬೈತೀನಲ್ಲ, ಅದು ಸಾಲ್ದಾ?"

"ನಿಂದು ಲೆಕ್ಕಕ್ಕಿಲ್ಲ ಬಿಡು. ನೀವು ಬಾತಾಕ್ ಜನ ಪ್ರೀತಿ ಮಾಡಿದ್ರೂ ಬೈದ ಹಾಗೇ ಕೇಳ್ಸುತ್ತೆ."

ಯಾರೂ ಆಡಿಕೊಂಡಿಲ್ಲ ಎನ್ನುವ ಅವರ ಮಾತಿನ ಅರ್ಥ ನನಗೆ ಗೊತ್ತಿತ್ತು. ಆ ಮನೆಯ ಮುಂದಿನ ಕೋಣೆ ಹದಿನೆಂಟು ವರ್ಷ ವಿಡಿಯೋ ಗೇಮ್ ಬಾಡಿಗೆ ಅಂಗಡಿಯಾಗಿತ್ತು. ಎಂಟು ಟಿವಿ, ಎಂಟು ಪಿಎಸ್, ನೆಲಕ್ಕೆ ಚಾಪೆ. ಓಣಿಯ ಅರ್ಧ ಜನ ಅಲ್ಲೇ ಆಟ ಕಲಿತವರು, ಸೋತು ಮರ್ಗೊನೊ ಬಾಯಿಗೆ ಸಿಕ್ಕಿದವರು. ಎಂಟು ತಿಂಗಳ ಹಿಂದೆ ಲಕ್ವ ಹೊಡೆದು ಅವರ ಬಲಗೈ ಸೋತಿತು. ಹೆಬ್ಬೆರಳು ಒಂದಿಷ್ಟು ಕೇಳುತ್ತದೆ, ಉಳಿದ ಬೆರಳುಗಳು ಕೇಳುವುದಿಲ್ಲ. ಊರುಗೋಲು ಹಿಡಿದು ನಡೆಯುತ್ತಾರೆ. ಅಂದಿನಿಂದ ಎಲ್ಲರೂ ಅವರ ಜೊತೆ ಮೆಲುದನಿಯಲ್ಲೇ ಮಾತಾಡುತ್ತಾರೆ. ಅವರು ಕೆಟ್ಟ ಜೋಕು ಹೇಳಿದರೂ ನಗುತ್ತಾರೆ. ಒಳ್ಳೆಯ ಜನ, ಆದರೆ ಆ ಒಳ್ಳೆಯತನದಲ್ಲಿ ಮನುಷ್ಯ ಒಂಟಿಯಾಗುತ್ತಾನೆ ಎನ್ನುವುದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು.

"ಆಡೋಕೆ ಏನು ಅಡ್ಡಿ?" ಎಂದು ಕೇಳಿದೆ.

ಅವರು ಒಳಗಿನಿಂದ ಆಟ ಆಡಿಸುವ ಹಳೆಯ ಸ್ಟಿಕ್ ಒಂದನ್ನು ತರಿಸಿ, ಎರಡೂ ಕೈಯಲ್ಲಿ ಹಿಡಿದು ತೋರಿಸಿದರು. "ಎಡಗೈ ದಿಕ್ಕು ತೋರ್ಸುತ್ತೆ, ಸರಿ. ಬಲಗೈ ಹೆಬ್ಬೆರಳು ಚೆಂಡು ಒದೆಯುತ್ತೆ, ಅದೂ ಸರಿ. ಆದ್ರೆ ಹಿಂದ್ಗಡೆ ನೋಡಿ, ಇಲ್ಲಿ ಒಂದು ಬಟನ್. ತೋರುಬೆರಳಲ್ಲಿ ಇದನ್ನ ಒತ್ತಿ ಹಿಡ್ಕೊಂಡಿದ್ರೆ ಮಾತ್ರ ಆಟಗಾರರು ಓಡ್ತಾರೆ. ಬಿಟ್ರೆ ಅಡ್ಡಾಡ್ತಾರೆ. ನನ್ನ ತೋರುಬೆರಳು ರಜೆ ಮೇಲಿದೆ."

ಓಣಿಯ ಬಾಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ನಿಂಗ್ರುಮ್‌ಗೆ ಕಂಪ್ಯೂಟರ್ ಚೆನ್ನಾಗಿ ಗೊತ್ತು. ಅವಳು ಶಾಲೆಗೆ ಹೋಗುತ್ತಿದ್ದಾಗ ಆ ಬಾಡಿಗೆ ಅಂಗಡಿಗೆ ಬರುತ್ತಿದ್ದ ಒಬ್ಬಳೇ ಹುಡುಗಿ. ಹುಡುಗರ ಗುಂಪು ಅವಳ ಮೇಲೆ ಬೀಳದ ಹಾಗೆ ಕಿಟಕಿ ಪಕ್ಕದ ಟಿವಿಯನ್ನು ಮರ್ಗೊನೊ ಅವಳಿಗೆಂದೇ ಕಾಯ್ದಿರಿಸುತ್ತಿದ್ದರು. ಈಗ ಮೂವತ್ತು ದಾಟಿದ್ದಾಳೆ. ನಾನು ವಿಷಯ ಹೇಳುತ್ತಿದ್ದಂತೆ ಅಂಗಡಿಯ ಬಾಗಿಲು ಎಳೆದು, ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು ನನ್ನ ಹಿಂದೆಯೇ ಬಂದಳು.

ಹಳೆಯ ಪಿಎಸ್ ಯಂತ್ರಗಳು ಕೆಟ್ಟು ಎಷ್ಟೋ ವರ್ಷವಾಗಿತ್ತು. ಮರ್ಗೊನೊ ಬಾಡಿಗೆ ಅಂಗಡಿಯಲ್ಲಿದ್ದ ಫುಟ್‌ಬಾಲ್ ಡಿಸ್ಕನ್ನು ನಿಂಗ್ರುಮ್ ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡಳು. ಎಮ್ಯುಲೇಟರ್ ಎಂಬ ಪ್ರೋಗ್ರಾಮ್ ಒಂದಿದೆ; ಅದು ಲ್ಯಾಪ್‌ಟಾಪನ್ನೇ ಹಳೆಯ ಪಿಎಸ್ ಎಂದು ಆಟಕ್ಕೆ ನಂಬಿಸುತ್ತದೆ.

"ಒಂದು ಚೀಟ್ ಹಾಕೋಣ, ಪಕ್," ಎಂದಳು.

"ಚೀಟಾ? ಹದಿನೆಂಟು ವರ್ಷ ಇದೇ ಗೋಡೆ ಮೇಲೆ ‘ಚೀಟ್ ಹಾಕಿದವರನ್ನು ಹೊರಗೆ ಹಾಕಲಾಗುವುದು’ ಅಂತ ಬರೆದಿದ್ದೆ. ಅದನ್ನ ಓದ್ಕೊಂಡು ಬೆಳೆದೋಳು ನೀನು!"

"ಗೋಲ್ ಜಾಸ್ತಿ ಮಾಡೋ ಚೀಟ್ ಅಲ್ಲ. ಆ ಓಡೋ ಬಟನ್ ಸದಾ ಒತ್ತಿದ ಹಾಗೇ ಇರುತ್ತೆ, ಅಷ್ಟೆ. ಚೆಂಡು ನೀವೇ ಒದೀಬೇಕು. ಸೋಲೋದೂ ನೀವೇ."

"ಸೋಲೋದು ನಾನೇ ಅಂದ್ರೆ ಸರಿ," ಎಂದು ಅವರು ಒಪ್ಪಿದರು.

ಅದೊಂದು ಪುಟ್ಟ ಫೈಲು. ತೆರೆದು ನೋಡಿದರೆ ಎರಡೇ ಸಾಲು, ಅಂಕಿ ಅಕ್ಷರ ಬೆರೆತದ್ದು. ಪ್ಯಾಚ್ ಎನ್ನುತ್ತಾರೆ. ಪ್ಯಾಂಟಿನ ಮಂಡಿ ಹರಿದಾಗ ಹಾಕುವ ತೇಪೆಯ ಹಾಗೆ, ಆಟದ ಒಂದು ಕಡೆಗೆ ಮಾತ್ರ ಕೂರುತ್ತದೆ. ನಿಂಗ್ರುಮ್ ಅದನ್ನು ಹುಡುಕಿ ಇಳಿಸಿ, ಹೇಳಿದ ಫೋಲ್ಡರ್‌ನಲ್ಲಿಟ್ಟು, ಆಟ ಶುರು ಮಾಡಿದಳು. ಆಟಗಾರರು ಅಡ್ಡಾಡಿದರು. ಮುಚ್ಚಿ ಮತ್ತೆ ತೆರೆದಳು. ಮತ್ತೂ ಅಡ್ಡಾಡಿದರು. ಮೂರನೇ ಸಲಕ್ಕೆ ಅವಳ ಮುಖ ಸಪ್ಪಗಾಯಿತು. ಅದನ್ನು ಕಂಡು ಮರ್ಗೊನೊ, "ಪರವಾಗಿಲ್ಲ ಬಿಡು, ಕುರ್ಚಿ ಮೆತ್ತಗಿರುತ್ತಂತೆ," ಎಂದರು. ಅದು ನನಗೆ ಸಹಿಸಲಾಗಲಿಲ್ಲ.

ನನಗೆ ಈ ವಿದ್ಯೆ ಗೊತ್ತಿಲ್ಲ. ಮೂವತ್ನಾಲ್ಕು ವರ್ಷ ಗಣಿತ ಕಲಿಸಿದ್ದರಿಂದ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವ ಚಟವೊಂದು ಉಳಿದಿದೆ. ಫೈಲಿನ ಹೆಸರು ಎಂಟು ಅಂಕಿ ಅಕ್ಷರಗಳ ಸಂಖ್ಯೆ. ಆಟದ ಕಿಟಕಿಯಲ್ಲೂ ಅಂಥದೇ ಎಂಟು ಕಾಣುತ್ತಿದ್ದವು. ಬೆರಳಿಟ್ಟು ಒಂದೊಂದೇ ಓದಿದೆ. "ನಿಂಗ್, ಇವೆರಡೂ ಒಂದೇ ಇರ್ಬೇಕಾ?"

"ಹೌದು ಬು. ಪ್ರತಿ ಆಟಕ್ಕೂ ಅದರದೇ ನಂಬರ್. ಫೈಲಿಗೆ ಅದೇ ಹೆಸರಿದ್ರೆ ಮಾತ್ರ ಎಮ್ಯುಲೇಟರ್ ಇದು ನಮ್ಮನೇದು ಅಂತ ಒಳಗೆ ಬಿಡುತ್ತೆ."

"ಒಂದೇ ಇಲ್ಲವಲ್ಲ."

ಅವಳು ಬಗ್ಗಿ ನೋಡಿದಳು. "ಇದು ಹೇಗೆ? ಆಟ ಅದೇ. ಒಳಗೆ ಯಾರಾದ್ರೂ ಏನಾದ್ರೂ ಬದಲಾಯಿಸಿದ್ರೆ ಮಾತ್ರ ನಂಬರ್ ಬದಲಾಗುತ್ತೆ." ನಾವಿಬ್ಬರೂ ಮರ್ಗೊನೊ ಕಡೆ ನೋಡಿದೆವು. ಅವರು ಹೆಂಚು ಎಣಿಸುತ್ತಿದ್ದರು.

"ಒಂದು ಸಣ್ಣ ಕೆಲಸ ಮಾಡಿದ್ದೆ," ಎಂದರು ಕೊನೆಗೆ. "ಹಿಂದೆ. ಅಂಗಡಿ ಖಾಲಿ ಇದ್ದಾಗ."

ನಿಂಗ್ರುಮ್ ತಂಡಗಳ ಪಟ್ಟಿ ತೆಗೆದಳು. ಯಾವುದೋ ದೂರದ ದೇಶದ ತಂಡವಿರಬೇಕಾದ ಜಾಗದಲ್ಲಿ ನಮ್ಮ ಓಣಿಯ ಹೆಸರಿತ್ತು. ಹನ್ನೊಂದು ಆಟಗಾರರಿಗೆ ಓಣಿಯವರದೇ ಹೆಸರು. ಮುಂದೆ ನಿಂತು ಗೋಲು ಹೊಡೆಯುವವನು ಸಗಿಮಾನ್. ರಕ್ಷಣೆಗೆ ತಿಯುರ್. ಗೋಲಿನಲ್ಲಿ, ಉದ್ದ ಕಾಲಿನ ಗಡ್ಡದ ಮನುಷ್ಯನ ಮೇಲೆ, ಹಾರ್ತಿ.

"ನನಗೆ ಗಡ್ಡ ಅಂಟಿಸಿದೀರಾ!" ಎಂದೆ.

"ಹೆಸರು ಮಾತ್ರ ಬದಲಾಯಿಸೋಕೆ ಬರ್ತಿತ್ತು, ಬು. ಗಡ್ಡ ಬೋಳಿಸೋಕೆ ಬರ್ಲಿಲ್ಲ."

ನಿಂಗ್ರುಮ್ ನಗುತ್ತಲೇ ಫೈಲಿನ ಹೆಸರು ಅಳಿಸಿ, ನಾನು ಹೇಳಿದ ಹಾಗೆ ಎಂಟನ್ನೂ ಬರೆದಳು. ಆಟ ಶುರುವಾಯಿತು. ಯಾರೂ ಬಟನ್ ಒತ್ತಿರಲಿಲ್ಲ. ಓಣಿಯ ಹನ್ನೊಂದು ಮಂದಿಯಲ್ಲಿ ಮರ್ಗೊನೊ ಯಾರನ್ನು ಹಿಡಿದರೆ ಅವರು ಓಡಿದರು. ತಿಯುರ್ ಒಳಗಿನಿಂದ ಬಂದು, ಪರದೆಯ ಮೇಲೆ ತನ್ನ ಹೆಸರು ಓಡುವುದನ್ನು ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಇಷ್ಟು ಸಪೂರ ಇದ್ದೆನಾ ನಾನು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಾಳೆಹಣ್ಣು ಕರಿಯಲು ಹೋದರು.

"ಒಂದು ಮಾತು ನೆನಪಿಟ್ಕೊಳಿ," ಎಂದಳು ನಿಂಗ್ರುಮ್. "ಈ ತೇಪೆ ಮೊದಲನೇ ಸ್ಟಿಕ್‌ಗೆ ಮಾತ್ರ. ಎರಡನೇದಕ್ಕೆ ಹತ್ತಲ್ಲ." ಗುರುತಿಗೆಂದು ಮೊದಲನೇ ಸ್ಟಿಕ್ಕಿನ ವೈರ್‌ಗೆ ಕೆಂಪು ದಾರ ಕಟ್ಟಿದಳು.

ಮರುದಿನ ಮರ್ಗೊನೊ ಊರುಗೋಲು ಹಿಡಿದು ತಾವೇ ಸಗಿಮಾನ್ ಮನೆಗೆ ಹೋದರು. ಐವತ್ತು ಹೆಜ್ಜೆ, ಅದೂ ಏರು. ನಾನು ಹಿಂದೆ ನಿಂತಿದ್ದೆ. ಪ್ಯಾಚಿನ ವಿಷಯ ಮುಚ್ಚಿಡದೆ ಹೇಳಿದರು. ಬೇಡವೆಂದರೆ ಆಡುವುದಿಲ್ಲ ಎಂದೂ ಹೇಳಿದರು. ಸಗಿಮಾನ್ ತಮ್ಮ ಕನ್ನಡಕ ತೆಗೆದು ತೋರಿಸಿದರು.

"ಇದನ್ನ ಹಾಕ್ಕೊಂಡು ನಾನು ಆಡ್ತೀನಿ, ಪಕ್. ಯಾರಾದ್ರೂ ಚೀಟ್ ಅಂದಿದಾರಾ?" ಎಂದು, ಪಟ್ಟಿ ತೆಗೆದು ಮುಖ್ಯ ಅತಿಥಿಯ ಸಾಲಿಗೆ ಗೀಟು ಎಳೆದರು. ಚೀಟಿ ಎತ್ತಿದಾಗ ಮರ್ಗೊನೊ ಅವರ ಮೊದಲ ಆಟ ಬಂದದ್ದು ಸಗಿಮಾನ್ ಜೊತೆಗೇ.

ಎರಡು ವಾರ ಅಭ್ಯಾಸ ನಡೆಯಿತು. ಓಡುವುದು ಸುಲಭ, ನಿಲ್ಲದಿರುವುದು ಕಷ್ಟ. ಸದಾ ಓಡುವ ಆಟಗಾರನಿಗೆ ಚೆಂಡು ಕಾಲಿಗಿಂತ ಮುಂದೆ ಹೋಗುತ್ತದೆ. ತಿರುಗಬೇಕೆಂದಲ್ಲಿ ತಿರುಗಲಾಗದೆ ಗೆರೆ ದಾಟುತ್ತಾನೆ. ಮೊದಲ ದಿನ ಓಣಿಯ ತಂಡದ ಎಲ್ಲರೂ ಒಬ್ಬೊಬ್ಬರಾಗಿ ಮೈದಾನದ ಆಚೆ ಹೋಗಿ ಬಂದರು. ಚೆಂಡು ಸಿಕ್ಕ ಕೂಡಲೇ ದಾಟಿಸಬೇಕು, ಮೂಲೆಗೆ ಹೋಗುವ ಮೊದಲೇ ತಿರುಗಬೇಕು ಎಂದು ಮರ್ಗೊನೊ ನಿಧಾನವಾಗಿ ಕಂಡುಕೊಂಡರು. ಅಂಗಡಿಯಲ್ಲಿ ಗಿರಾಕಿ ಕಡಿಮೆಯಿರುವ ಹತ್ತು ಗಂಟೆಗೆ ನಿಂಗ್ರುಮ್ ಬಂದು ಎದುರಾಳಿಯಾಗುತ್ತಿದ್ದಳು. ಎರಡನೇ ವಾರ ಅವಳು ಬೇಕೆಂದೇ ಸೋಲುವುದನ್ನು ನಿಲ್ಲಿಸಿದ್ದನ್ನು ನಾನು ಗಮನಿಸಿದೆ. ಇನ್ನು ಹಾಗೆ ಸೋಲುವ ಅಗತ್ಯವಿರಲಿಲ್ಲ.

ಹದಿನೇಳರ ಬೆಳಿಗ್ಗೆ ಧ್ವಜ ಹಾರಿತು, ಗೋಣಿಚೀಲಗಳು ಕುಣಿದವು. ಹನ್ನೊಂದು ಗಂಟೆಗೆ ಎಲ್ಲರೂ ಓಣಿಯ ಸಭಾಂಗಣಕ್ಕೆ ಬಂದರು. ಕಿಟಕಿಗಳಿಗೆ ಚಾಪೆ ಕಟ್ಟಿ ಕತ್ತಲು ಮಾಡಿದ್ದರು. ತರಕಾರಿ ಮಾರುವ ಬು ವಾಗಿಯೆಂ ತಮ್ಮ ಮನೆಯ ಬಿಳಿ ಹಾಸನ್ನು ಗೋಡೆಗೆ ಕಟ್ಟಿದ್ದರು. ಅದರ ಮೇಲೆ ಆಟ ಕಾಣುತ್ತಿತ್ತು. ಫುಟ್‌ಬಾಲ್ ಆಡುವ ಗಂಡಸರು ಹೆಂಡತಿಯ ನೈಟಿ ಹಾಕಿಕೊಳ್ಳಬೇಕು ಎನ್ನುವುದು ನಮ್ಮಲ್ಲಿ ಬಯಲಿನ ಆಟಕ್ಕೂ ಇರುವ ನಿಯಮ, ಪರದೆಯ ಆಟಕ್ಕೂ ಅದೇ. ಸಗಿಮಾನ್ ನೀಲಿ ಚುಕ್ಕೆಯ ನೈಟಿಯಲ್ಲಿ ಬಂದರು. ಮರ್ಗೊನೊ ಅವರದು ಕೆಂಪು ದಾಸವಾಳದ್ದು. ತಿಯುರ್ ದೊಡ್ಡ ಮೈಯವರಾದ್ದರಿಂದ ಅದರೊಳಗೆ ಇನ್ನೊಬ್ಬ ಮರ್ಗೊನೊಗೂ ಜಾಗವಿತ್ತು.

ಇಬ್ಬರೂ ಚಾಪೆಯ ಮೇಲೆ ಕುಳಿತರು. ನಿಂಗ್ರುಮ್ ಎರಡು ಸ್ಟಿಕ್ಕುಗಳನ್ನು ಮುಂದಿಟ್ಟು ಲ್ಯಾಪ್‌ಟಾಪ್ ಕಡೆ ಹೋದಳು. ಮರ್ಗೊನೊ ಕೆಂಪು ದಾರದ್ದನ್ನು ಎತ್ತಿಕೊಂಡರು. ಆಮೇಲೆ, ಜಾವಾದ ಯಾವ ಹಿರಿಯನಾದರೂ ಮಾಡುವುದನ್ನೇ ಅವರೂ ಮಾಡಿದರು. ದಯವಿಟ್ಟು ನೀವು ಮೊದಲು ಎನ್ನುವ ನಮ್ಮ ‘ಮೊಂಗ್ಗೊ’ ಹೇಳುತ್ತಾ, ಎರಡೂ ಕೈಯಿಂದ ಅದನ್ನು ಎದುರಿನವರ ಮುಂದೆ ಹಿಡಿದರು.

"ಮೊಂಗ್ಗೊ, ಪಕ್. ಮೊದಲನೇದು ನೀವು ತಗೊಳಿ."

"ಛೆ ಛೆ, ನೀವು ಹಿರಿಯರು. ಮೊಂಗ್ಗೊ, ನೀವು."

"ನೀವು ಓಣಿಯ ಮುಖಂಡರು. ಮೊಂಗ್ಗೊ."

"ನಾನು ನಿಮ್ಮ ಅಂಗಡೀಲಿ ಕಲಿತವನು, ಪಕ್."

"ಅದಕ್ಕೇ. ಮೊಂಗ್ಗೊ, ಮೊಂಗ್ಗೊ."

ಮೂರನೇ ಸಲವೂ ಬೇಡವೆಂದರೆ ಅವಮಾನ. ಸಗಿಮಾನ್ ತಲೆ ಬಾಗಿಸಿ ತೆಗೆದುಕೊಂಡರು. ನಾನು ಎರಡು ಮಾರು ದೂರದಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿದ್ದೆ. ಹುಟ್ಟಿದಾಗಿನಿಂದ ದಿನಕ್ಕೆ ಹತ್ತು ಸಲ ನೋಡುವ ದೃಶ್ಯ. ಅದರಲ್ಲಿ ತಪ್ಪೇನಿದೆ ಎಂದು ನನಗೂ ಹೊಳೆಯಲಿಲ್ಲ.

ಸೀಟಿ ಕೇಳಿಸಿತು. ಸಗಿಮಾನ್ ತಂಡದವರು ಎಲ್ಲೋ ಬೆಂಕಿ ಬಿದ್ದ ಸುದ್ದಿ ಕೇಳಿದವರಂತೆ ಓಡತೊಡಗಿದರು. ಮರ್ಗೊನೊ ಆಡಿಸುತ್ತಿದ್ದ ಓಣಿಯ ತಂಡ ಮದುವೆ ಊಟ ಮುಗಿಸಿ ಮನೆಗೆ ಹೊರಟವರ ಹಾಗೆ ಅಡ್ಡಾಡಿತು.

ಆಮೇಲಿನ ಐದು ನಿಮಿಷದಲ್ಲಿ ಆ ಸಭಾಂಗಣದಲ್ಲಿ ನಡೆದಷ್ಟು ಮರ್ಯಾದೆಯನ್ನು ನಾನು ಬೇರೆಲ್ಲೂ ನೋಡಿಲ್ಲ. ಸಗಿಮಾನ್‌ಗೆ ತಮ್ಮ ಆಟಗಾರರನ್ನು ನಿಲ್ಲಿಸಲಾಗುತ್ತಿಲ್ಲ. ಸ್ಟಿಕ್ ಕೆಟ್ಟಿದೆ ಎಂದರೆ ಕೊಟ್ಟವರಿಗೆ ಬೇಸರವಾದೀತೆಂದು, "ಹುಡುಗರು ಇವತ್ತು ಹುರುಪಲ್ಲಿದಾರೆ," ಎಂದಷ್ಟೇ ಗೊಣಗಿದರು. ಪ್ಯಾಚ್ ಕೆಲಸ ಮಾಡಿಲ್ಲ ಎಂದುಕೊಂಡ ಮರ್ಗೊನೊ ನಿಂಗ್ರುಮ್ ಕಡೆ ತಿರುಗಿ, ಎಲ್ಲ ಸರಿಯಾಗಿದೆ ಎನ್ನುವಂತೆ ನಕ್ಕರು. ತಾನೇ ಬೇರೆ ಫೈಲ್ ಹಾಕಿದೆನೇನೋ ಎಂದು ಅವಳು ಬೆವರುತ್ತಾ, ಅವರಿಗೆ ಗಾಬರಿಯಾಗಬಾರದೆಂದು ತಾನೂ ನಕ್ಕಳು. ಜನಕ್ಕೆ ಕಂಡದ್ದು ಇಷ್ಟೆ: ಪಾಪ, ಮರ್ಗೊನೊ ಕೈಲಿ ಆಗುತ್ತಿಲ್ಲ. ಎಲ್ಲರೂ ಮೆತ್ತಗೆ ಚಪ್ಪಾಳೆ ತಟ್ಟಿದರು.

"ಚೆನ್ನಾಗಿದೆ ಪಕ್, ಚೆನ್ನಾಗಿದೆ," ಎಂದರು ಯಾರೋ, ಮೊದಲ ಹೆಜ್ಜೆಯಿಟ್ಟ ಮಗುವಿಗೆ ಹೇಳುವ ಧ್ವನಿಯಲ್ಲಿ. ಮರ್ಗೊನೊ ಕಿವಿಗಳು ಕೆಂಪಾದವು. ಯಾವುದರಿಂದ ತಪ್ಪಿಸಿಕೊಳ್ಳಲು ಅವರು ಕುರ್ಚಿ ಬಿಟ್ಟು ಬಂದಿದ್ದರೋ ಅದು ಚಾಪೆಗೇ ಬಂದಿತ್ತು.

ಅಷ್ಟರಲ್ಲಿ ಸಗಿಮಾನ್ ತಂಡದ ಒಬ್ಬ, ನಿಲ್ಲಲಾಗದೆ, ಚೆಂಡಿನ ಸಮೇತ ನೇರ ಗೋಲಿನೊಳಗೆ ಓಡಿಬಿಟ್ಟ.

"ಕ್ಷಮಿಸಿ ಪಕ್," ಎಂದರು ಸಗಿಮಾನ್. "ಬೇಕಂತ ಮಾಡ್ಲಿಲ್ಲ."

ಅವರು ಕೈ ಜೋಡಿಸಿದಾಗ ಬೆರಳುಗಳ ನಡುವೆ ಕೆಂಪು ದಾರ ಕಂಡಿತು. ನನಗೆ ಎಲ್ಲ ಅರ್ಥವಾಯಿತು. ಆದರೆ ಹೇಳುವುದು ಹೇಗೆ? ರೋಗಿಗೆಂದು ಇಟ್ಟದ್ದನ್ನು ನೀವು ಹಿಡಿದಿದ್ದೀರಿ ಎಂದು ಅರವತ್ತು ಜನರ ಮುಂದೆ ಓಣಿಯ ಮುಖಂಡರಿಗೆ ಹೇಳಿದರೆ ಇಬ್ಬರ ಮುಖವೂ ಕೆಡುತ್ತದೆ. ನಾನೂ ಈ ಓಣಿಯವಳೇ. ಪಕ್ಕದಲ್ಲಿ ಕಡಲೆಕಾಯಿ ತಿನ್ನುತ್ತಿದ್ದ ತಿಯುರ್ ಕಿವಿಯಲ್ಲಿ ಪಿಸುಗುಟ್ಟಿದೆ. ನಮ್ಮ ಓಣಿಯಲ್ಲಿ ತಿಯುರ್ ಕಿವಿಯಲ್ಲಿ ಹೇಳುವುದೂ ಮಸೀದಿಯ ಮೈಕಿನಲ್ಲಿ ಹೇಳುವುದೂ ಒಂದೇ ಎಂದು ನನಗೆ ಗೊತ್ತಿಲ್ಲದೆ ಏನಲ್ಲ.

ಕಡಲೆಕಾಯಿ ಸಿಪ್ಪೆ ಮಡಿಲಿಂದ ಉದುರಿತು. "ಹೋಯ್! ನಿಲ್ಸಿ! ಪಕ್ ಸಗಿಮಾನ್, ನಿಮ್ಮ ಕೈಲಿರೋದು ನನ್ನ ಗಂಡನ ಕಾಲು!"

ಎಲ್ಲರೂ ತಿರುಗಿದರು. ತಿಯುರ್ ಗಂಡನ ಕಡೆ ಬೆರಳು ತೋರಿಸಿದರು. "ನೀವೋ! ಎರಡು ವಾರ ಎಣ್ಣೆ ಸುರಿದು ಬಾಳೆಹಣ್ಣು ಕರಿದು ಹಾಕಿದೀನಿ. ಮೊಂಗ್ಗೊ ಮೊಂಗ್ಗೊ ಅಂತ ಕಾಲನ್ನೇ ದಾನ ಮಾಡಿ ಕೂತಿದೀರಲ್ಲ!"

ಸಗಿಮಾನ್ ಕೈಯಲ್ಲಿದ್ದುದನ್ನು ನೋಡಿದರು, ಪರದೆ ನೋಡಿದರು. "ಅದಕ್ಕೇನಾ! ನನಗೇ ವಯಸ್ಸಾಯ್ತು ಅನ್ಕೊಂಡಿದ್ದೆ!" ಎಂದು ಬಿದ್ದು ಬಿದ್ದು ನಕ್ಕರು. ಆಮೇಲೆ ಇಡೀ ಸಭಾಂಗಣ ನಕ್ಕಿತು. ನಿಂಗ್ರುಮ್ ಲ್ಯಾಪ್‌ಟಾಪ್ ಮೇಲೆ ತಲೆಯಿಟ್ಟು ನಕ್ಕಳು, ಅರ್ಧ ಅಳು.

"ಹೊಸದಾಗಿ ಶುರು ಮಾಡೋಣ," ಎಂದರು ಸಗಿಮಾನ್.

"ಬೇಡ, ನಿಮ್ಮ ಗೋಲ್ ನಿಮಗಿರ್ಲಿ, ಪಕ್."

"ಅದು ನಿಮ್ಮ ಕಾಲಲ್ಲಿ ಹೊಡೆದಿದ್ದು, ನನಗೆ ಹೇಗೆ ಬರುತ್ತೆ?"

"ಇಲ್ಲ ಇಲ್ಲ, ನೀವು..."

"ಮತ್ತೆ ಶುರುವಾಯ್ತು ನೋಡಿ!" ಎಂದು ತಿಯುರ್ ಗುಡುಗಿದರು. ನಿಂಗ್ರುಮ್ ಯಾರನ್ನೂ ಕೇಳದೆ ಆಟವನ್ನು ಸೊನ್ನೆಯಿಂದ ಹಚ್ಚಿದಳು.

ಈ ಸಲ ಓಣಿಯ ತಂಡ ಓಡಿತು. ಓಡಿ, ಮೂಲೆಗೆ ಮುಂಚೆಯೇ ತಿರುಗಿ, ಚೆಂಡು ದಾಟಿಸಿತು. ಸಗಿಮಾನ್‌ಗೂ ಈಗ ಮುಲಾಜು ಉಳಿಯಲಿಲ್ಲ. ಅಡ್ಡ ಬಿದ್ದು, ತಳ್ಳಿ, ಕಾಲು ಕೊಟ್ಟು ಆಡಿದರು. ರಕ್ಷಣೆಯಲ್ಲಿದ್ದ ತಿಯುರ್‌ಗೆ ಕೆಂಪು ಕಾರ್ಡ್ ಸಿಕ್ಕಿತು. ನಿಜವಾದ ತಿಯುರ್ ರೆಫರಿಯನ್ನು ಬಾತಾಕ್ ಭಾಷೆಯಲ್ಲಿ ಏನೋ ಕೇಳಿದರು. ಒಂದು ಒಂದು ಸಮವಾಗಿದ್ದಾಗ, ಮರ್ಗೊನೊ ಹೆಬ್ಬೆರಳು ಒಮ್ಮೆ ಕುಣಿಯಿತು. ಓಣಿಯ ತಂಡದ ಮುಂಚೂಣಿ ಆಟಗಾರ ದೂರದಿಂದ ಹೊಡೆದ ಚೆಂಡು ಬಲೆಯಲ್ಲಿ ಬಿತ್ತು. ಪರದೆಯ ಮೇಲೆ ದೊಡ್ಡದಾಗಿ ಹೆಸರು ಬಂತು: ಸಗಿಮಾನ್.

"ಪಕ್ ಸಗಿಮಾನ್ ಪಕ್ ಸಗಿಮಾನ್‌ಗೇ ಗೋಲ್ ಹೊಡೆದ್ರು!" ಎಂದು ಜನ ಕೂಗಿದರು. ಆಟ ಅಲ್ಲಿಗೆ ಮುಗಿಯಿತು. ಸಗಿಮಾನ್ ನೈಟಿ ಎತ್ತಿ ಮುಖ ಒರೆಸಿಕೊಂಡು, "ನಾನು ಆಗ ಎಷ್ಟು ಚೆನ್ನಾಗಿದ್ದೆ!" ಎಂದರು.

ಗೆದ್ದವರಿಗೆ ಮುಂದಿನ ಎದುರಾಳಿ ಬು ವಾಗಿಯೆಂ. ಮಾರುಕಟ್ಟೆಯಲ್ಲಿ ತನ್ನ ಬುಟ್ಟಿಯಲ್ಲಿಲ್ಲದ್ದನ್ನೂ ಮಾರಬಲ್ಲ ಹೆಂಗಸು. ಈ ಸಲ ಮರ್ಗೊನೊ ಕೆಂಪು ದಾರದ ಸ್ಟಿಕ್ಕನ್ನು ಎದೆಗೆ ಅವುಚಿಕೊಂಡು, "ಇದು ನಂದು. ಮೊಂಗ್ಗೊ ಇಲ್ಲ, ಏನೂ ಇಲ್ಲ," ಎಂದರು.

"ಇಟ್ಕೊಳಿ ಇಟ್ಕೊಳಿ," ಎಂದರು ವಾಗಿಯೆಂ, ಕೈ ಒರೆಸಿಕೊಳ್ಳುತ್ತಾ. "ಎಷ್ಟು ಬೇಕಾದ್ರೂ ಓಡಿ. ಚೆಂಡು ನನ್ನ ಹತ್ರ ಇರುತ್ತೆ."

ಇತ್ತು ಕೂಡ. ಹತ್ತು ನಿಮಿಷದಲ್ಲಿ ಆರು ಗೋಲು. ಓಣಿಯ ತಂಡ ಆ ಕಡೆಯಿಂದ ಈ ಕಡೆಗೆ ಓಡಿದಷ್ಟೂ ಅವರು ನಿಂತಲ್ಲೇ ನಿಂತು ಚೆಂಡು ದಾಟಿಸಿದರು. ನಾಲ್ಕನೆಯದಕ್ಕೆ ಮರ್ಗೊನೊ ನನ್ನ ಕಡೆ ತಿರುಗಿದರು. "ಬು ಹಾರ್ತಿ! ಮೂವತ್ನಾಲ್ಕು ವರ್ಷ ಮಕ್ಕಳ ಕಾಪಿ ಹಿಡಿದಿದೀರಿ, ಒಂದು ಚೆಂಡು ಹಿಡಿಯೋಕಾಗಲ್ವಾ?"

"ಗಡ್ಡ ಅಡ್ಡ ಬರ್ತಿದೆ, ಪಕ್," ಎಂದೆ.

ಆರನೆಯದು ಬಿದ್ದಾಗ ವಾಗಿಯೆಂ ಸ್ಟಿಕ್ ಕೆಳಗಿಟ್ಟು ಸೊಂಟ ಹಿಂದಕ್ಕೆ ಬಗ್ಗಿಸಿದರು. "ಕೈ ಕಾರಣ ಹೇಳ್ಬೇಡಿ, ಪಕ್. ಎರಡು ಕೈ ನೆಟ್ಟಗಿದ್ದಾಗ್ಲೂ ನೀವು ಇಷ್ಟೇ ಆಡ್ತಿದ್ದಿದ್ದು."

ಎಂಟು ತಿಂಗಳಲ್ಲಿ ಆ ಕೈಯ ಹೆಸರನ್ನು ಯಾರೂ ಜೋರಾಗಿ ಎತ್ತಿರಲಿಲ್ಲ. ಸಗಿಮಾನ್ ಕನ್ನಡಕ ತೆಗೆದರು. ತಿಯುರ್ ಕೂಡ ಅಗಿಯುವುದನ್ನು ನಿಲ್ಲಿಸಿದರು.

"ಸುಳ್ಳು!" ಎಂದು ಮರ್ಗೊನೊ ಕಿರುಚಿದರು. "ಆಗ ಎಂಟು ತಿಂತಿದ್ದೆ. ಈಗ ಆರೇ. ಸುಧಾರಿಸಿದೀನಿ!"

ಮೊದಲು ನಕ್ಕವರೂ ಅವರೇ. ದಾಸವಾಳದ ನೈಟಿ ಅಲುಗಾಡುವಷ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಯಾರು ಯಾರನ್ನು ಆಡಿಕೊಳ್ಳುತ್ತಿದ್ದಾರೆ ಎಂದು ತಿಳಿಯದಷ್ಟು ಗಲಾಟೆ. ಮುದುಕರ ಓಟ ನೋಡಿ ಕೋಳಿಗೂ ನಾಚಿಕೆಯಾಯಿತು ಎಂದರೊಬ್ಬರು. ಚೀಟ್ ಹಾಕಿಯೂ ಆರು ಗೋಲು ತಿಂದವರು ಭೂಮಿಯ ಮೇಲೆ ಇವರೊಬ್ಬರೇ ಎಂದರು ಇನ್ನೊಬ್ಬರು. ಗೋಡೆ ಮೇಲೆ ಬರೆದಿದ್ದ ಹಾಗೆ ಇವರನ್ನ ಮೊದಲು ಹೊರಗೆ ಹಾಕಿ ಎಂದು ನಿಂಗ್ರುಮ್ ಕೂಗಿದಳು. ಒಂದೊಂದಕ್ಕೂ ಮರ್ಗೊನೊ ತಿರುಗಿ ಉತ್ತರ ಕೊಟ್ಟರು, ಒಂದನ್ನೂ ಬಿಡಲಿಲ್ಲ.

ತಿಯುರ್ ಎದ್ದು ಊರುಗೋಲು ತಂದು ಮುಂದೆ ಹಿಡಿದರು. "ಸಾಕು, ಏಳಿ. ಊಟದ ಹೊತ್ತಾಯ್ತು. ನನ್ನ ನೈಟೀನ ಬೆವರಲ್ಲಿ ಅದ್ದಿ ತೆಗೆದ ಹಾಗೆ ಮಾಡಿದೀರಿ."

"ಇರು," ಎಂದರು ಮರ್ಗೊನೊ, ಸ್ಟಿಕ್ ಬಿಡದೆ. "ವಾಗಿಯೆಂ, ಇನ್ನೊಂದಾಟ. ಓಡ್ಹೋಗ್ಬೇಡ."

"ಓಡೋದು ನಿಮ್ಮ ಕೆಲಸ, ಪಕ್," ಎಂದು ವಾಗಿಯೆಂ ಮತ್ತೆ ಚಾಪೆಯ ಮೇಲೆ ಕುಳಿತರು.